ಅಕ್ಕನ ತೋಟದ ಮೇಲೆ ಎಳೆದ ಗೆರೆ

ಕಳೆದ ಭಾನುವಾರ ಸೊಸೆ ನನ್ನ ತಲೆಗೆ ಹಚ್ಚಲು ಬಟ್ಟಲಲ್ಲಿ ಡೈ ಕಲಸುತ್ತಿದ್ದಳು. ಅಮೋನಿಯಾದ ಘಾಟು ಮೂಗಿಗೆ ಹೊಡೆಯಿತು. "ಕಣ್ಣಲ್ಲಿ ನೀರು ಬರ್ತಿದೆಯಲ್ಲತ್ತೆ, ಕಿಟಕಿ ತೆಗೀಲಾ?" ಎಂದಳು. ಬೇಡ ಎಂದೆ. ನನ್ನ ಪ್ರಾಯದ ಬಹುಪಾಲು ಆ ಘಾಟಿನಲ್ಲೇ ಕಳೆದಿದೆ. ತುಮಕೂರಿನ ನಮ್ಮ ಆಫೀಸಿನ ಹಿಂದಿನ ಕೋಣೆಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಯಂತ್ರವಿತ್ತು, ಅದಕ್ಕೆ ಅಮೋನಿಯಾ ಸುರಿಯಬೇಕಿತ್ತು. ಆ ಕೋಣೆಯ ಬಾಗಿಲ ಪಕ್ಕಕ್ಕೇ ಡ್ರಾಯಿಂಗ್ ಸಾಹೇಬರ ಮೇಜು...

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಹೈಟೆನ್ಷನ್ ವಿದ್ಯುತ್ ಲೈನುಗಳ ನಕ್ಷೆ ಬರೆಯುವ ವಿಭಾಗಕ್ಕೆ ಅವರು ಹೆಡ್ ಡ್ರಾಫ್ಟ್ಸ್‌ಮನ್. ನಾನು ತೊಂಬತ್ತರ ದಶಕದ ಆರಂಭದಲ್ಲಿ ಟ್ರೇಸರ್ ಆಗಿ ಸೇರಿದೆ. ಅವರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಇಂಕಿನಲ್ಲಿ ತಿದ್ದುವುದು ನನ್ನ ಕೆಲಸ. ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು, ಜಾಸ್ತಿ ಕೆರೆದರೆ ಹಾಳೆ ತೂತು. ಮೊದಲ ವಾರವೇ ನಾನು ಒಂದು ಹಾಳೆ ತೂತು ಮಾಡಿದಾಗ ಸಾಹೇಬರು ಅದನ್ನು ಬೆಳಕಿಗೆ ಹಿಡಿದು, "ಒಳ್ಳೇದಾಯ್ತು, ಇಲ್ಲಿ ಒಂದು ಬಾವಿ ಇತ್ತು" ಎಂದು ನಕ್ಕಿದ್ದರು.

ಆಗ ಲೈನು ಎಳೆಯುವುದೆಂದರೆ ಮೊದಲು ನಡೆಯುವುದು. ಸರ್ವೆಯವರು ಹೊಲ, ಹಳ್ಳ, ದಿಬ್ಬ ದಾಟಿ ಚೈನು ಹಿಡಿದು ಅಳೆದು ನೆಲದ ಏರುತಗ್ಗುಗಳನ್ನು ಬರೆದು ತರುತ್ತಿದ್ದರು. ಸಾಹೇಬರು ಅದನ್ನು ಗ್ರಾಫ್ ಹಾಳೆಯ ಉದ್ದನೆಯ ಸುರುಳಿಗೆ ಇಳಿಸಿದರೆ ಊರಿಂದೂರಿನ ನೆಲವೆಲ್ಲ ಒಂದು ಡೊಂಕು ಗೆರೆಯಾಗಿ ಮೇಜಿನ ಮೇಲೆ ಮಲಗುತ್ತಿತ್ತು. ಅದರ ಮೇಲೆ ಸೆಲ್ಯುಲಾಯ್ಡ್ ಹಾಳೆಯಲ್ಲಿ ಕತ್ತರಿಸಿದ ಟೆಂಪ್ಲೇಟ್ ಇಡುತ್ತಿದ್ದರು. ಎರಡು ಟವರುಗಳ ನಡುವೆ ತಂತಿ ಬೇಸಿಗೆಯ ಬಿಸಿಗೆ ಹಿಗ್ಗಿ ಎಷ್ಟು ಜೋತುಬೀಳುತ್ತದೆ ಎಂಬುದೇ ಆ ಹಾಳೆಯ ಬಾಗು. ತಂತಿ ನೆಲಕ್ಕೆ ತೀರಾ ಹತ್ತಿರ ಬಾರದಂತೆ ಟೆಂಪ್ಲೇಟನ್ನು ಆಚೀಚೆ ಜರುಗಿಸುತ್ತ, ಅದು ಕೂರುವ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆ ಇದ್ದಲ್ಲಿ ಟವರ್ ಏಳುತ್ತಿತ್ತು.

ಕುಣಿಗಲ್ ಕಡೆಯಿಂದ ಗುಬ್ಬಿ ಕಡೆಗೆ ಒಂದು ಲೈನು ಬರಬೇಕಾಗಿತ್ತು. ಗುಬ್ಬಿ ಇನ್ನೇನು ಬಂತು ಎನ್ನುವಾಗ ನೇರ ದಾರಿಗೆ ಒಂದು ಹಳ್ಳಿಯ ಮನೆಗಳು ಅಡ್ಡ ಬಂದವು. ಮನೆಗಳ ಮೇಲೆ ಒಯ್ಯುವಂತಿಲ್ಲ, ಲೈನನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕು. ಎರಡೂ ಕಡೆ ತೆಂಗಿನ ತೋಟ. ಎಡಗಡೆಯ ತೋಟದಲ್ಲಿ ಒಂದು ದಿಬ್ಬವಿತ್ತು, ತಂತಿ ಅದಕ್ಕೆ ತಾಗುವಷ್ಟು ಹತ್ತಿರ ಬರುತ್ತಿತ್ತು. ಬಲಗಡೆಯದು ಸಮತಟ್ಟು. ಆ ತೋಟದ ಸರ್ವೆ ನಂಬರ್ ನೋಡುತ್ತಲೇ ಸಾಹೇಬರು ಪೆನ್ಸಿಲ್ ಕೆಳಗಿಟ್ಟರು.

ಅದು ಅವರ ಅಕ್ಕನ ತೋಟ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಅವರನ್ನು ಸಾಕಿದ್ದು ಅಕ್ಕನೇ. ಗುಬ್ಬಿಯ ಕೊಬ್ಬರಿ ವ್ಯಾಪಾರದ ಮನೆಗೆ ಮದುವೆಯಾಗಿ ಹೋದಾಗ ತಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರಂತೆ. ಭಾವ ತೋಟ ಮಾಡಿ, ಸಸಿ ನೆಟ್ಟು, ಅವು ಫಲಕ್ಕೆ ಬರುವ ಮೊದಲೇ ತೀರಿಹೋಗಿದ್ದರು. ಲೈನಿನ ಕೆಳಗೆ ತೆಂಗಿನ ಮರ ಬಿಡುವಂತಿಲ್ಲ. ಗೆರೆ ಆ ಕಡೆ ಹೋದರೆ ನಡುವಿನ ಸಾಲುಗಳೆಲ್ಲ ನೆಲಕ್ಕೆ.

ಆ ವಾರವಿಡೀ ಸಾಹೇಬರು ಎಡಗಡೆಯ ದಿಬ್ಬದ ಮೇಲೆ ಟೆಂಪ್ಲೇಟ್ ಇಟ್ಟುಕೊಂಡೇ ಕೂತಿದ್ದರು. ಹಿಂದೆ ಜರುಗಿಸುವರು, ಮುಂದೆ ಜರುಗಿಸುವರು, ಅಳಿಸುವರು. ಹಾಳೆ ಅಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ವಿಷಯ ಇಂಜಿನಿಯರಿಗೆ ತಿಳಿದು ಅವರೇ ಮೇಜಿನ ಬಳಿ ಬಂದರು.

"ಎಡಗಡೆಗೆ ಎತ್ತರದ ಟವರ್ ಹಾಕಿದ್ರೆ ಆಗಲ್ವೇನ್ರೀ?"

"ಆಗುತ್ತೆ ಸಾರ್. ಆದ್ರೆ ಅಲ್ಲಿಗೆ ಯಾಕೆ ಹಾಕಿದ್ರಿ ಅಂತ ಆ ತೋಟದೋರು ಕೇಳಿದ್ರೆ ಏನ್ ಹೇಳ್ಲಿ? ನಮ್ಮಕ್ಕಂದು ಉಳೀಲಿ ಅಂತ ಹೇಳ್ಲಾ?"

ಇಂಜಿನಿಯರು ಹಾಳೆಯನ್ನು ಇನ್ನೊಮ್ಮೆ ನೋಡಿ ಹೊರಟುಹೋದರು. ಅವತ್ತು ಸಂಜೆ ಸಾಹೇಬರು ಬಲಗಡೆ ಚುಕ್ಕೆ ಇಟ್ಟು ಹಾಳೆಯನ್ನು ನನ್ನ ಕಡೆ ತಳ್ಳಿದರು. "ಇದನ್ನ ನೀನೇ ಪೂರ್ತಿ ಮಾಡಮ್ಮ. ನನ್ನ ಕೈ ಯಾಕೋ ಸರಿ ಇಲ್ಲ."

ನೋಟಿಸು ಹೋಗುವ ಮೊದಲು ಅಕ್ಕನಿಗೆ ತಾವೇ ಹೇಳಬೇಕು ಎಂದು ಅವರಿಗಿತ್ತು. ನಾನು ಗುಬ್ಬಿಯಿಂದ ದಿನಾ ರೈಲಿನಲ್ಲಿ ಓಡಾಡುತ್ತಿದ್ದವಳು. ಒಂದು ಸಂಜೆ ಅವರೂ ರೈಲು ಹತ್ತಿದರು. "ಮನೆವರೆಗೂ ನೀನೂ ಬಾಮ್ಮ. ಹೊರಗಿನ ಹೆಣ್ಮಗು ಎದುರಿಗಿದ್ರೆ ಆಪಾ ಸ್ವಲ್ಪ ಕಡಿಮೆ ಬೈತಾಳೆ" ಎಂದರು. ಅವರು ಅಕ್ಕನನ್ನು ಕರೆಯುತ್ತಿದ್ದುದು ಹಾಗೆಯೇ.

ಆಪಾ ನಮ್ಮನ್ನು ಜಗುಲಿಯಲ್ಲಿ ಕೂರಿಸಿ ಟೀ ತಂದರು. ಎತ್ತರದ ಹೆಂಗಸು, ಕೈತುಂಬ ಹಸಿರು ಬಳೆ... ಇಲ್ಲ, ಬಳೆ ಇರಲಿಲ್ಲ, ಗಂಡ ಹೋದ ಮೇಲೆ ತೆಗೆದಿದ್ದರು. ಹಸಿರು ಸೀರೆಯಿರಬೇಕು. ಸಾಹೇಬರು ಟೀ ಮುಟ್ಟದೆ ಎಲ್ಲವನ್ನೂ ಹೇಳಿದರು. ನಾನಿದ್ದೇನೆಂದು ಇಬ್ಬರೂ ಮನೆಮಾತು ಉರ್ದು ಬಿಟ್ಟು ಕನ್ನಡದಲ್ಲೇ ಮಾತಾಡಿದರು.

"ನಿಮ್ಮ ಭಾವ ನೆಟ್ಟಿದ್ದು ಕಣೋ ಅದು" ಎಂದರು ಆಪಾ. "ಯಾರು ಗೆರೆ ಹಾಕ್ದೋರು?"

"ನಾನೇ ಆಪಾ."

"ಪಕ್ಕದೋರ ತೋಟ ಇರ್ಲಿಲ್ವಾ?"

"ಇತ್ತು."

ಆಪಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ನೀನು ಯಾವಾಗ ಬೇಕಾದ್ರೂ ಬಾ ಮಗಳೇ. ಇವನ್ನ ಮಾತ್ರ ಕರ್ಕೊಂಡ್ ಬರ್ಬೇಡ" ಎಂದು ಒಳಗೆ ಹೋದರು. ನಾನು ಸಾಹೇಬರನ್ನು ಸ್ಟೇಷನ್ನಿನವರೆಗೆ ಬಿಟ್ಟುಬಂದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವರು ಚಪ್ಪಲಿಯನ್ನು ಬಿಚ್ಚುವುದು, ಹಾಕುವುದು ಮಾಡುತ್ತಿದ್ದರು.

ಮರಗಳು ಉರುಳಿದವು. ಗುಂಡಿ ತೋಡಿದರು, ಹಗ್ಗ ರಾಟೆ ಕಟ್ಟಿ ಒಂದೊಂದೇ ಕಬ್ಬಿಣದ ಪಟ್ಟಿಯನ್ನು ಮೇಲೆತ್ತಿ ಜೋಡಿಸಿದರು. ತಂತಿ ಎಳೆಯುವಾಗ ಸಾಲುಗಟ್ಟಿ ನಿಂತ ಆಳುಗಳು ಭುಜ ಕೊಟ್ಟು ಎಳೆದರು. ಕಡೆಯ ಕೆಲಸವೆಂದರೆ ತಂತಿಯ ಜೋತು ಸರಿಯಿದೆಯೇ ಎಂದು ನೋಡುವುದು. ಟವರಿನ ಮೇಲೆ ಒಬ್ಬ ಕೂತು, ಎದುರು ಟವರಿಗೆ ಕಟ್ಟಿದ ಹಲಗೆಗೂ ತನ್ನ ಕಣ್ಣಿಗೂ ನೇರ ಮಾಡಿ, ತಂತಿಯ ಕೆಳಹೊಟ್ಟೆ ಆ ನೇರಕ್ಕೆ ಬಂದಾಗ ಬಾವುಟ ಬೀಸುತ್ತಿದ್ದ. ಅದನ್ನು ನೋಡಲು ಸಾಹೇಬರು ಎಂದೂ ಹೋಗದವರು ಅವತ್ತು ಹೋದರು. ನನ್ನನ್ನೂ ಕರೆದರು.

ತೋಟದಲ್ಲಿ ಕಡಿದ ಬುಡಗಳ ನಡುವೆ ನಾವು ನಿಂತಿದ್ದೆವು. ಟವರಿನ ಮೇಲಿದ್ದವನು ಬಾವುಟ ಬೀಸಿದ. ತಂತಿ ಸಾಹೇಬರು ಬರೆದ ಬಾಗಿನಲ್ಲೇ ನಿಂತಿತು. ಅವರು ಕತ್ತು ನೋಯುವಷ್ಟು ಹೊತ್ತು ಮೇಲೆಯೇ ನೋಡಿದರು.

ಆಮೇಲೆ ಆಪಾ ಕೆಟಲು ಹಿಡಿದು ಮನೆಯಿಂದ ಬಂದರು. ಕೆಲಸದವರಿಗೆಲ್ಲ ಟೀ ಕೊಟ್ಟರು, ನನಗೂ ಕೊಟ್ಟರು. ತಮ್ಮನ ಮುಂದೆ ಬಂದಾಗ ಕೆಟಲು ಕೆಳಗಿಟ್ಟು, ಸೆರಗಿನ ಮರೆಯಿಂದ ಒಂದು ಸ್ಟೀಲ್ ಲೋಟ ತೆಗೆದು ಕೈಗಿತ್ತು, ಮುಖ ನೋಡದೆ ಮುಂದೆ ಹೋದರು.

ವಾಪಸ್ ರೈಲಿಗೆ ಕಾಯುವಾಗ ಸಾಹೇಬರು, "ಸಕ್ಕರೆ ಹಾಕಿರ್ಲಿಲ್ಲಮ್ಮ" ಎಂದರು. "ನಂಗೆ ಶುಗರ್ ಇದೆ ಅಂತ... ಬೇರೆ ಮಾಡ್ಕೊಂಡು ಬಂದವ್ಳೆ."

ಅಷ್ಟೇ. ಅದಾದ ಮೇಲೂ ಅಕ್ಕ ತಮ್ಮ ಮಾತಾಡಿದ್ದು ನನಗೆ ಗೊತ್ತಿಲ್ಲ. ಹಬ್ಬಕ್ಕೆ ಅವರು ಗುಬ್ಬಿಗೆ ನನ್ನ ಕೈಲಿ ಬಟ್ಟೆ ಕಳಿಸುತ್ತಿದ್ದರು. ಆಪಾ ಇಸಿದುಕೊಳ್ಳುತ್ತಿದ್ದರು, ಹೇಗಿದ್ದಾನೆ ಎಂದು ಕೇಳುತ್ತಿರಲಿಲ್ಲ. ಆದರೆ ನಾನಾಗಿ ಹೇಳುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು. ಸಾಹೇಬರು ನಿವೃತ್ತರಾದರು. ನಮ್ಮ ಕೋಣೆಗೆ ಕಂಪ್ಯೂಟರ್ ಬಂತು, ಚುಕ್ಕೆ ಇಡುವ ಕೆಲಸ ಅದಕ್ಕೆ ಹೋಯಿತು. ಎರಡು ಸಾವಿರ ದಾಟಿ ಕೆಲವು ವರ್ಷಗಳಾದ ಮೇಲೆ ಸಾಹೇಬರು ಹೋದ ಸುದ್ದಿ ಬಂತು. ನಾನು ಅವರ ಮನೆ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

ಒಳಮನೆಯಲ್ಲಿ ಹೆಂಗಸರ ನಡುವೆ ಆಪಾ ಕೂತಿದ್ದರು. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿದರು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು:

"ಲೈನ್ ಎಳೆದ ವರ್ಷಾನೇ ಪಕ್ಕದ ತೋಟದ ಯಜಮಾನ್ರು ಮನೆಗೆ ಬಂದಿದ್ರು ಕಣಮ್ಮ. ನಿಮ್ಮ ತಮ್ಮ ಮನಸ್ಸು ಮಾಡಿದ್ರೆ ನಮ್ಮ ಮರ ಹೋಗ್ತಿದ್ವು ಅಂತ ಕೈ ಮುಗಿದ್ರು. ಇಂಥ ತಮ್ಮನ್ನ ಸಾಕಿದ್ರಲ್ಲ ಅಂದ್ರು. ನಂಗೆ ಆವತ್ತು ಎಷ್ಟು... ಅವನಿಗೊಂದು ಮಾತು ಹೇಳಾಣ ಅನ್ಕೊಂಡೆ. ನಾಳೆ ಹೇಳಾಣ, ಹಬ್ಬಕ್ಕೆ ಹೇಳಾಣ ಅಂತ... ಹೇಳ್ಲೇ ಇಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

ಈಗ ಆಪಾ ಕೂಡ ಇಲ್ಲ. ನಾನೂ ನಿವೃತ್ತಳಾಗಿ ಬಹಳ ವರ್ಷವಾಯಿತು. ಆ ಲೈನು ಮಾತ್ರ ಇದೆ. ಮೊನ್ನೆ ಮಗನ ಜೊತೆ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಲು ಹೇಳಿ ಇಳಿದೆ. ಸುಡುವ ಬಿಸಿಲು, ತಂತಿ ಚೆನ್ನಾಗಿ ಜೋತುಬಿದ್ದಿತ್ತು. ಕೆಳಗೆ ಯಾರೋ ಹೂವಿನ ಗಿಡ ಹಾಕಿದ್ದರು, ಇಬ್ಬರು ಹೆಂಗಸರು ಮಾತಾಡಿಕೊಂಡು ಸೇವಂತಿಗೆ ಬಿಡಿಸುತ್ತಿದ್ದರು. ತಲೆಯ ಮೇಲೆ ಏನಿದೆ ಎಂದು ಅವರು ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ. ಅವರಿಗೆ ನೋಡುವ ಅಗತ್ಯವೇ ಬಾರದ ಹಾಗೆ ಒಬ್ಬರು ಬಹಳ ಹಿಂದೆ ನೋಡಿಕೊಂಡಿದ್ದರು.