ಹೆರಿಗೆ ಕೋಣೆಯ ಚಿಲಕ

ಅರಮನೆಯ ಸೂಲಗಿತ್ತಿ ಅಜ್ಜಿಯ ಬಾಯಿ ಬಿಡಿಸುವುದು ಯಾರಿಂದಲೂ ಆಗದ ಕೆಲಸ. ಮೂರು ಹೆಣ್ಣು ಹೆತ್ತ ರಾಣಿ ಈಗ ಮತ್ತೆ ತುಂಬು ಬಸುರಿ. ಇದೂ ಹೆಣ್ಣಾದರೆ ಪಟ್ಟ ರಾಜನ ಮಲತಮ್ಮನಿಗೆ. ಹಾಗಾಗಿ ಮಂತ್ರಿಯಿಂದ ಅಗಸನವರೆಗೆ ಎಲ್ಲರೂ, "ಅಜ್ಜೀ, ಹೊಟ್ಟೆ ನೋಡಿದರೆ ಏನನ್ನಿಸುತ್ತೆ?" ಎಂದು ಬೆನ್ನು ಹತ್ತುತ್ತಾರೆ. "ಹಸಿವಾಗಿದೆ ಅನ್ನಿಸುತ್ತೆ" ಎನ್ನುತ್ತಾಳೆ ಅಜ್ಜಿ. ಹೆರಿಗೆ ಕೋಣೆ ಹೊಕ್ಕವಳೇ ಒಳಗಿನಿಂದ ಚಿಲಕ ಹಾಕುತ್ತಾಳೆ. ಮಗು ಅತ್ತರೂ ತೆಗೆಯುವುದಿಲ್ಲ. ತಾಯಿಯ ರಕ್ತ ನಿಂತು, ಅವಳು ಎರಡು ಗುಟುಕು ನೀರು ಕುಡಿಯಬೇಕು. ಆಚೆಯಿಂದ ರಾಜನೇ ಬಾಗಿಲು ಬಡಿದು, "ಗಂಡೋ ಹೆಣ್ಣೋ, ಹೇಳಜ್ಜೀ!" ಎಂದರೂ, "ದೇವರು ಕೊಟ್ಟ ಮಗು ಎಲ್ಲೂ ಓಡಿಹೋಗಲ್ಲ. ತಾಯಿ ಹೇಗಿದ್ದಾಳೆ ಅಂತ ಮೊದಲು ಕೇಳಪ್ಪಾ" ಎಂದು ಗದರುತ್ತಾಳೆ. ಈ ರಾಜ ಹುಟ್ಟಿದ ದಿನ ಗಂಡೆಂಬ ಸುದ್ದಿ ಹೊತ್ತು ಎಲ್ಲರೂ ಓಡಿದ್ದರು, ಇವಳೂ ಓಡಿದ್ದಳು. ತಿರುಗಿ ಬಂದು ಮುಟ್ಟಿದಾಗ ಅವನ ತಾಯಿಯ ಕೈ ತಣ್ಣಗಾಗಿತ್ತು.