ಗಾಳಿ ಹೋಯಿತಾ?

ಹೊಟ್ಟೆಯ ಆಪರೇಷನ್ ಆದವರಿಗೆ ಹೂಸು ಹೊರಬೀಳುವ ತನಕ ತೊಟ್ಟು ನೀರು ಕೊಡುವಂತಿರಲಿಲ್ಲ. ಕರುಳು ಮತ್ತೆ ಕೆಲಸಕ್ಕೆ ಹಾಜರಾಗಿದೆ ಎನ್ನಲು ಎಪ್ಪತ್ತರ ದಶಕದ ಮುಂಬಯಿಯ ನಮ್ಮ ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಬಿಟ್ಟವರಿಗೆ ನೀರು, ಆಮೇಲೆ ಗಂಜಿ. ಉಳಿದವರು ಒಣ ತುಟಿ ನೆಕ್ಕುತ್ತಾ ಮಲಗಿರಬೇಕು. ಬೆಳಿಗ್ಗೆ ರೌಂಡಿಗೆ ಬರುವ ಮರಾಠಿ ಸರ್ಜನ್ ಪ್ರತಿ ಮಂಚದ ಬಳಿಯೂ "ಗ್ಯಾಸ್ ಪಾಸ್ ಝಾಲಾ ಕಾ?" ಎಂದು, ಊಟ ಆಯಿತೇ ಎನ್ನುವಷ್ಟು ಸಹಜವಾಗಿ ಕೇಳುತ್ತಿದ್ದರು.

ಕನ್ನಡದ ರೋಗಿಯಾದರೆ ಆ ಪ್ರಶ್ನೆ ನನ್ನ ಪಾಲಿಗೆ. ನಾನು ಉಡುಪಿ ಕಡೆಯ ನರ್ಸು. ಮನೆಯಲ್ಲಿ ತುಳು, ಕನ್ನಡ ಕಲಿತದ್ದು ಶಾಲೆಯ ಪುಸ್ತಕದಿಂದ. ಪುಸ್ತಕದಲ್ಲಿ ಹೂಸು ಇರಲಿಲ್ಲ. ಆಗಿನ್ನೂ ಮದುವೆಯಾಗದವಳು, ಬಿಳಿ ಟೋಪಿಯ ಘನತೆ ಬೇರೆ. ಹಾಗಾಗಿ "ಗಾಳಿ ಹೋಯಿತಾ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದೆ.

ಒಮ್ಮೆ ವಿಜಾಪುರ ಕಡೆಯ ಗೌಂಡಿಯೊಬ್ಬ ಬಂದ. ಪಾರ್ಲೆಯಲ್ಲಿ ಬಿಲ್ಡಿಂಗ್ ಕಟ್ಟುತ್ತಿದ್ದವನಿಗೆ ಕರುಳು ಗಂಟುಬಿದ್ದು, ಅದನ್ನು ಬಿಡಿಸಿ ಹೊಲಿದಿದ್ದರು. ಮೂಗಿನಲ್ಲಿ ನಳಿಗೆ, ಕೈಗೆ ಸಲೈನ್. ಗಂಟಲು ನೋಯುತ್ತದೆಂದು ಮಾತಾಡದೆ, ಕಣ್ಣು ಮುಚ್ಚಿ ನರಳುತ್ತಿದ್ದ. ಮಾತೆಲ್ಲ ಹೆಂಡತಿಯದು. ಅವಳು ಒದ್ದೆ ಹತ್ತಿಯಿಂದ ಅವನ ತುಟಿ ಒರೆಸುತ್ತಾ ಪಕ್ಕದಲ್ಲೇ ಕೂತಿರುತ್ತಿದ್ದಳು.

"ಗಾಳಿ ಹೋಯಿತಾ?" ಎಂದೆ.

ಅವಳು ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಇನ್ನೂ ಹೋಗಿಲ್ರೀ ಬಾಯಾರ," ಎಂದಳು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಸರ್ಜನ್ ಹೊಟ್ಟೆ ಒತ್ತಿದರು, ಮೆತ್ತಗಿತ್ತು. ಸ್ಟೆತಸ್ಕೋಪ್ ಇಟ್ಟರು, ಸಪ್ಪಳವೂ ಇತ್ತು. ಹಾಗಿದ್ದರೆ ಗ್ಯಾಸ್ ಯಾಕೆ ಹೋಗುತ್ತಿಲ್ಲವೆಂದು ನನ್ನನ್ನೇ ಗದರಿದರು, ಅದನ್ನು ತಡೆದು ಹಿಡಿದವಳು ನಾನೇ ಎಂಬಂತೆ. ನಾಳೆಯೂ ಇಲ್ಲವೆಂದರೆ ಮತ್ತೆ ಹೊಟ್ಟೆ ತೆರೆದು ನೋಡುವುದೆಂದು ಹೇಳಿ ಹೋದರು. ಇನ್ನೊಂದು ಆಪರೇಷನ್ನನ್ನು ಆ ಒಣಕಲು ದೇಹ ತಡೆಯುವಂತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮಧ್ಯಾಹ್ನ ಹಾಸಿಗೆ ಸರಿಮಾಡುವಾಗ ದಿಂಬಿನಡಿ ಒಂದು ನಿಂಬೆಹಣ್ಣು, ಪಕ್ಕದಲ್ಲಿ ಹಳೆಯ ಚಪ್ಪಲಿ ಸಿಕ್ಕವು. ಚಪ್ಪಲಿ ಯಾಕೆಂದು ತಿಳಿಯಲಿಲ್ಲ. ನಿಂಬೆ ಶರಬತ್ತಿಗೇ ಎಂದು ಖಾತ್ರಿಯಾಗಿ ರೇಗಿತು.

"ಗಾಳಿ ಹೋಗದೆ ಶರಬತ್ತು ಕೊಡಬಾರದು ಅಂತ ಎಷ್ಟು ಸಲ ಹೇಳುವುದು ಮಾರಾಯ್ತಿ?"

"ಶರಬತ್ತಿಗಲ್ರೀ. ಗಾಳಿ ಹೋಗಲಿ ಅಂತನ ಇಟ್ಟೇನ್ರಿ," ಎಂದಳು. "ಆ ಬಿಲ್ಡಿಂಗಿನ ಪಾಯಾ ತೋಡುವಾಗ ಎಲುಬು ಸಿಕ್ಕಿದ್ವಂತ. ಅಲ್ಲೇ ಹಿಡಿದಿರಬೇಕು. ಇನ್ನೂ ನರಳತಾರ, ಹೋಗಿದ್ರ ಹಂಗ ನರಳತಿದ್ರೇನ್ರಿ?"

ಅವರ ಕಡೆ ಗಾಳಿ ಎಂದರೆ ದೆವ್ವ. ನಾನು ದಿನವೂ ಟೋಪಿ ಹಾಕಿಕೊಂಡು ಬಂದು, ದೆವ್ವ ಬಿಟ್ಟಿತೇ ಎಂದು ವಿಚಾರಿಸಿ ಹೋಗುತ್ತಿದ್ದೆ. ಅವಳು ತನಗೆ ಕಂಡಷ್ಟು ನಿಜ ಹೇಳುತ್ತಿದ್ದಳು.

ಇನ್ನು ಘನತೆ ನೋಡಿ ಪ್ರಯೋಜನವಿರಲಿಲ್ಲ. ಗೌಂಡಿಯ ಕಡೆ ಬಗ್ಗಿ, ಇಡೀ ವಾರ್ಡಿಗೆ ಕೇಳುವಂತೆ, "ಹೂಸು ಬಿಟ್ಟಿದ್ದೀರಾ?" ಎಂದೆ.

ಅವನು ಕಣ್ಣು ತೆರೆದ. "ನಿನ್ನಿ ಮುಂಜಾನಿಯಿಂದ ಬಿಡಾಕತ್ತೇನ್ರಿ. ಅದನ್ನ ಹೆಣ್ಮಕ್ಕಳ ಮುಂದ ಹೆಂಗ ಹೇಳೂದು?"

ಸರ್ಜನ್ ಬಂದು ನಳಿಗೆ ತೆಗೆಸಿದರು, ಚಮಚದಲ್ಲಿ ನೀರು ಕೊಡಲು ಹೇಳಿದರು. ಲೋಟವನ್ನೂ ಚಮಚವನ್ನೂ ಹೆಂಡತಿಯ ಕೈಗೇ ಕೊಟ್ಟೆ. ಅವನು ನುಂಗಿದ. ನೀರು ಗಂಟಲಿನಲ್ಲಿ ಇಳಿಯುವುದನ್ನು ಅವಳು ನೋಡುತ್ತಿದ್ದಳು. ಸದ್ಯಕ್ಕೆ ಸಾಕು ಎಂದೆ. ಅವಳು ಚಮಚ ಕೆಳಗಿಟ್ಟು, ಗೋಡೆಯ ಕಡೆ ತಿರುಗಿ, ಲೋಟದಲ್ಲಿ ಉಳಿದ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದಳು.

ನಾನು ನೋಡುತ್ತಾ ನಿಂತದ್ದು ಕಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮತ್ತ ಕೊಯ್ತೀವಿ ಅಂತ ಡಾಕ್ಟರ್ ಅಂದಿದ್ದು ನನಗೂ ತಿಳೀತ್ರೀ," ಎಂದಳು. "ಆಗಿಂದ ನನ್ನ ಗಂಟಲಾಗೂ ಏನೂ ಇಳಿದಿಲ್ಲ."