ಜವರಮ್ಮನ ಹಳೇ ಕಣ್ಣು

ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಚೆನ್ನಾಗಿ ಕಾಣುವ ಆ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವವರನ್ನು ನೀವು ನೋಡಿದ್ದೀರಾ? ನಾನು ಕಳೆದ ಮಂಗಳವಾರ ನೋಡಿದೆ. ಅವತ್ತಿನಿಂದ ಇಂಗು ತಿಂದ ಮಂಗನ ಹಾಗೆ ಕೂತಿದ್ದೇನೆ.

ನಾವು ಏಳೆಂಟು ಸ್ನೇಹಿತರು, ಎಲ್ಲ ರಿಟೈರ್ಡ್ ಗಿರಾಕಿಗಳು, ಸೇರಿ ಒಂದು ಸಣ್ಣ ಟ್ರಸ್ಟ್ ನಡೆಸುವುದು ನಿಮಗೆ ಗೊತ್ತೇ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಮ್ಮ ಕಾರ್ಯಕ್ಷೇತ್ರ. (ಕಾರ್ಯಕ್ಷೇತ್ರ ಎಂದರೆ, ನನ್ನ ಹೈಸ್ಕೂಲ್ ಗೆಳೆಯ ವಸಂತನ ಹಳೇ ಕಾರು ಕೈಕೊಡದೆ ಹೋಗಿಬರುವಷ್ಟು ದೂರ.) ನಮ್ಮ ಬ್ಯಾನರ್ ಮೇಲೆ ಶಿಕ್ಷಣ, ಆರೋಗ್ಯ, ಜೀವನೋಪಾಯ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇವೆ. ಮೂರೂ ಪದ ಪಕ್ಕಪಕ್ಕ ನಿಂತರೆ ಎಷ್ಟು ಚೆಂದ ಕಾಣುತ್ತವೆ!

ಎರಡು ತಿಂಗಳ ಹಿಂದೆ ಅರಕಲಗೂಡು ಹತ್ತಿರದ ಒಂದು ಹಳ್ಳಿಯಲ್ಲಿ ಕಣ್ಣಿನ ಶಿಬಿರ ಮಾಡಿದೆವು. ಪೊರೆ ಬಂದವರನ್ನು ವ್ಯಾನಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಅವರಲ್ಲಿ ಜವರಮ್ಮ ಒಬ್ಬರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎರಡೂ ಕಣ್ಣಿಗೆ ಪೊರೆ. ಮೊದಲು ಬಲಗಣ್ಣು ಆಯಿತು, ಎಡಗಣ್ಣು ಈ ಗುರುವಾರಕ್ಕೆ ಎಂದು ಬರೆದುಕೊಂಡಿದ್ದರು.

ಅದಕ್ಕೂ ಮೊದಲು ಒಂದು ಫೋಟೋ ತೆಗೆದುಕೊಂಡು ಬರೋಣ ಎಂದು ನಾನೂ ವಸಂತನೂ ಹೊರಟೆವು. ದೃಷ್ಟಿ ಬಂದ ಮಹಿಳೆ ನಗುನಗುತ್ತಾ ಕೆಲಸ ಮಾಡುತ್ತಿರುವ ಫೋಟೋ. ದಾನಿಗಳಿಗೆ ಅಂಥದ್ದು ಬೇಕು. (ನಮಗೂ ಬೇಕು, ಸುಳ್ಳೇಕೆ ಹೇಳಲಿ.)

ಜವರಮ್ಮ ಕೆಲಸ ಮಾಡುವುದು ರಾಜೇಗೌಡರ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಹದ ಮಾಡುವ ಮನೆಯಲ್ಲಿ. ಬೆಂದ ಸೊಪ್ಪನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಬಣ್ಣ ನೋಡಿ, ಬ್ರೈಟ್, ಮೀಡಿಯಂ, ಲೋ ಎಂದು ಮೂರು ಗುಡ್ಡೆ ಮಾಡುವುದು ಅವರ ಕೆಲಸ. ಮೂವತ್ತು ವರ್ಷದಿಂದ ಅದೇ. ಉಳಿದ ಹೆಂಗಸರಿಗೆ ಅನುಮಾನ ಬಂದರೆ ಎಲೆ ತಂದು ಅವರಿಗೇ ತೋರಿಸಬೇಕು. (ಶಿಬಿರ ಉದ್ಘಾಟನೆಯಲ್ಲಿ ನಾನು ತಂಬಾಕಿನ ಕೆಡುಕಿನ ಬಗ್ಗೆ ಹತ್ತು ನಿಮಿಷ ಕೊರೆದಿದ್ದೆ. ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದವರೂ ಈ ಜವರಮ್ಮನೇ.)

ಹೋಗಿ ನೋಡಿದರೆ, ಬಲಗಣ್ಣಿಗೆ ಟವೆಲ್ಲು ಬಿಗಿದು ಕೂತಿದ್ದಾರೆ!

ಕೀವು ಆಯಿತೇ? ಆಪರೇಷನ್ ಕೆಟ್ಟಿತೇ? "ಏನಾಯ್ತಮ್ಮಾ ಕಣ್ಣಿಗೆ?" ಎಂದು ಓಡಿಹೋಗಿ ಕೇಳಿದೆ.

"ಏನೂ ಆಗಿಲ್ಲ ಕಣ್ ಸಾ. ಬೋ ಚೆಂದಾಗಿ ಕಾಣ್ತದೆ. ಅದ್ಕೇ ಕಟ್ಕಂಡಿವ್ನಿ."

ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕಟ್ಟಿಕೊಂಡಿದ್ದಾರಂತೆ.

ಅಷ್ಟರಲ್ಲಿ ರಾಜೇಗೌಡರು ಬಂದರು. "ಏನ್ ಸಾ ಮಾಡ್ಬುಟ್ರಿ ನಮ್ ಜವರಮ್ಮಂಗೆ? ಈವಮ್ಮನ ಕಣ್ಣೇ ನಮ್ ಬ್ಯಾರನ್ನಿಗೆ ಮೀಟ್ರು. ಈಗ ನೋಡುದ್ರೆ ಬ್ರೈಟೂ ಮೀಡಿಯಮ್ಮೂ ಬೆರಕೆ ಮಾಡಾಕವ್ರೆ. ಸೊಪ್ಪಿನ್ ಅರಾಜಲ್ಲಿ ಯಾವನ್ ಸಾ ಮುಟ್ತಾನೆ? ಇಂಗೇ ಆದ್ರೆ ಸೊಪ್ಪು ಕಡ್ಡಿಗೆ ಕಟ್ಟಕ್ಕೆ ಓಗಮ್ಮ ಅಂದೆ."

ಕಡ್ಡಿಗೆ ಕಟ್ಟುವುದು ಎಂದರೆ ಹಸಿ ಸೊಪ್ಪು ಕಟ್ಟುವ ಕೆಲಸ, ನಿನ್ನೆ ಮೊನ್ನೆ ಬಂದ ಹುಡುಗಿಯರು ಮಾಡುವಂಥದ್ದು. ಜವರಮ್ಮ ಒಪ್ಪಲಿಲ್ಲ. ಹೊಸ ಕಣ್ಣಿಗೆ ಟವೆಲ್ಲು ಕಟ್ಟಿಕೊಂಡು, ಪೊರೆ ಇರುವ ಹಳೇ ಕಣ್ಣಿನಲ್ಲೇ ಕೆಲಸ ಮುಂದುವರಿಸಿದರು. ಗ್ರೇಡು ಮೊದಲಿನ ಹಾಗೇ ಸರಿಯಾಗಿ ಬಂತು.

"ಒಸ ಕಣ್ಗೆ ಎಲ್ಲಾ ಬೆಳ್ಳಗೆ ಒಗೆದಂಗೆ ಕಾಣ್ತದೆ ಸಾ. ಅಳೇ ಕಣ್ಗೆ ಎಂಗಿತ್ತೋ ಅಂಗೇ ಕಾಣ್ತದೆ. ಎರ್ಡೂ ಬಿಟ್ಕಂಡ್ರೆ ಒಂದು ಏರಿಗೆಳೀತದೆ, ಒಂದು ನೀರಿಗೆಳೀತದೆ. ನಾನ್ ಯಾವ್ದುನ್ನ ನಂಬ್ಲಿ?"

ವಸಂತ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದ. ಪೊರೆ ಬೆಳೆದಾಗ ಕಣ್ಣಿನೊಳಗೇ ಹಳದಿ ಗಾಜು ಕೂತ ಹಾಗೆ, ಅದನ್ನು ತೆಗೆದ ಮೇಲೆ ನಿಜವಾದ ಬಣ್ಣ ಕಾಣುತ್ತದೆ, ಅಭ್ಯಾಸವಾಗಲು ಸ್ವಲ್ಪ ದಿನ ಬೇಕು ಎಂದರು. ಸ್ವಲ್ಪ ದಿನ ಎಂದರೆ ಎಷ್ಟು? ಸೊಪ್ಪಿನ ಕೆಲಸ ಇರುವುದೇ ಕೆಲವು ತಿಂಗಳು. ಮೂವತ್ತು ವರ್ಷದ ಅಭ್ಯಾಸವನ್ನು ನಾವು ಅರ್ಧ ಗಂಟೆಯಲ್ಲಿ ತೆಗೆದುಹಾಕಿದ್ದೆವು.

"ಮುಂದಿನ ಗುರುವಾರ ಎಡಗಣ್ಣೂ ಆಗಿಬಿಡ್ಲಿ ಜವರಮ್ಮ. ಎರಡೂ ಒಂದೇ ಥರ ಕಾಣುತ್ತೆ" ಎಂದ ವಸಂತ.

"ಆಮೇಲೆ ಸೊಪ್ಪು ಗೊತ್ತಿರೋ ಕಣ್ಣೇ ಒಂದೂ ಇರಾಕಿಲ್ವಲ್ಲ ಸಾ?"

ಮಾಡಿಸದೆ ಬಿಟ್ಟರೆ ಆ ಎಡಗಣ್ಣೂ ಮಬ್ಬಾಗುತ್ತಾ ಹೋಗುತ್ತದೆ. ಅದು ಅವರಿಗೂ ಗೊತ್ತು. "ಮುಂದಿನ್ ವರ್ಸುಕ್ಕೆ ಇದೂ ಮುಚ್ಕತದೆ ಅನ್ಸ್ತದೆ" ಎಂದು ಅವರೇ ಹೇಳಿದರು. ಹಾಗೆಂದು ಹೊಸ ಕಣ್ಣಿನ ಮೇಲೆ ಸಿಟ್ಟೂ ಇಲ್ಲ. ಅಕ್ಕಿಯಲ್ಲಿ ಕಲ್ಲು ಕಾಣುತ್ತದಂತೆ. ಕನ್ನಡಿಯಲ್ಲಿ ಮುಖವೂ ಕಂಡಿತಂತೆ. "ಇಷ್ಟೊಂದ್ ಸುಕ್ಕಾಗಿವ್ನಿ ಅಂತ ಗೊತ್ತೇ ಇರ್ನಿಲ್ಲ ಕಣ್ ಸಾ" ಎಂದು ನಕ್ಕರು. ಬ್ಯಾನರಿನ ಎರಡನೇ ಪದ ಆರೋಗ್ಯ, ಮೂರನೇ ಪದ ಜೀವನೋಪಾಯದ ಕುತ್ತಿಗೆ ಹಿಡಿದರೆ ನಾವು ಯಾರ ಕೈ ಬಿಡಿಸಬೇಕು?

ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಜವರಮ್ಮ ಒಂದು ಎಲೆ ನನ್ನ ಕೈಗಿಟ್ಟರು. "ನಿಮ್ಗೆ ಯಾವ್ ಬಣ್ಣ ಕಾಣ್ತದೆ ಯೋಳಿ ಸಾ."

"ಒಳ್ಳೆ ಬೆಲ್ಲದ ಬಣ್ಣ" ಎಂದೆ.

ಪಕ್ಕದಲ್ಲಿ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅವರಿಗೆ ಅದು ನಿಂಬೆಹಣ್ಣಿನ ಬಣ್ಣವಂತೆ. ಜವರಮ್ಮ ಟವೆಲ್ಲು ಮೇಲೆತ್ತಿ ಹೊಸ ಕಣ್ಣಿನಲ್ಲಿ ನೋಡಿದರು. ನಿಂಬೆಹಣ್ಣು. ಕೆಳಗಿಳಿಸಿ ಹಳೇ ಕಣ್ಣಿನಲ್ಲಿ ನೋಡಿದರು. ಬೆಲ್ಲ. ಆಮೇಲೆ ನನ್ನನ್ನೇ ದಿಟ್ಟಿಸಿ, "ಸಾ, ನಿಮ್ಗೂ ಪೊರೆ ಬಂದೈತೆ ಕಣ್ರೀ" ಎಂದರು.

ಊರಿಗೆಲ್ಲ ಶಿಬಿರ ಮಾಡಿಸಿದವನು ನನ್ನ ಕಣ್ಣು ತೋರಿಸಿಕೊಂಡಿರಲೇ ಇಲ್ಲ! ಮರುದಿನ ತೋರಿಸಿದೆ. ಎರಡಕ್ಕೂ ಪೊರೆ. "ಮುಂದಿನ ಗುರುವಾರವೇ ಒಂದನ್ನು ಮಾಡಿಬಿಡೋಣ" ಎಂದರು ಡಾಕ್ಟರು. ನಾನು ತಕ್ಷಣ ಏನಂದೆ ಗೊತ್ತೆ? "ಈಗ ಬೇಡ ಸಾರ್, ಓದೋದು ಬರೆಯೋದು ಬಹಳ ಇದೆ. ನಿಧಾನವಾಗಿ ನೋಡೋಣ."

ಹೊರಗೆ ಬಂದ ಮೇಲೆ ವಸಂತ ಉಗಿದ. "ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಜವರಮ್ಮ ಹೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಏನ್ಲಾ ವ್ಯತ್ಯಾಸ?"

ಆತ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗುರುವಾರದ ಪಟ್ಟಿಯಲ್ಲಿ ಜವರಮ್ಮನ ಹೆಸರಿನ ಕೆಳಗೆ ನನ್ನ ಹೆಸರು ಬರೆದು, ಅವರಿಗೂ ಫೋನ್ ಮಾಡಿ ಹೇಳಿಬಿಟ್ಟ. ನಿನ್ನೆ ಸಂಜೆ ಅವರೇ ನನಗೆ ಫೋನ್ ಮಾಡಿದರು.

"ಸಾ, ನೀವ್ ಮೊದ್ಲು ಮಾಡುಸ್ಕಳಿ. ಆಮೇಲೆ ನಿಮ್ ಕೆಲ್ಸ ಎಂಗ್ ನಡೀತದೆ ನೋಡ್ಕಂಡು ನಾನೂ ಬತ್ತೀನಿ. ನೀವ್ ಒಲ್ಲೆ ಅಂದ್ರೆ ನಂಗೂ ಬ್ಯಾಡ."

ಗುರುವಾರ ಬೆಳಿಗ್ಗೆ ವ್ಯಾನು ನಮ್ಮ ಮನೆ ಮುಂದೆ ಬಂದು ನಿಲ್ಲುತ್ತದೆ. ನೀವೇ ಹೇಳಿ, ಹತ್ತಿದರೆ ಪಣಕ್ಕೆ ಬೀಳುವುದು ನನ್ನ ಒಂದು ಕಣ್ಣು, ಹತ್ತದಿದ್ದರೆ ಜವರಮ್ಮನದೂ ಸೇರಿ ಮಬ್ಬಾಗುವುದು ಎಷ್ಟು?